ಅಜ್ಜನ ರೇಡಿಯೊದಂಥ ಗಿಟಾರ್ ಪೆಟ್ಟಿಗೆ: ಕಣ್ಣಿಗಿಂತ ಕಿವಿಯ ಮಾತು ಕೇಳಿ

ಸೊಲ್ಲಾಪುರ: ನೋಡಿದರೆ ಅರವತ್ತು ವರ್ಷದ ಹಿಂದಿನ ರೇಡಿಯೊ. ಮುಂದೆ ನೇಯ್ದ ಬಟ್ಟೆ, ಮೇಲೆ ಹಿಡಿದೆತ್ತಲು ಒಂದು ಪಟ್ಟಿ, ಒಂದೋ ಎರಡೋ ನಾಬ್, ಮೂಲೆಯಲ್ಲಿ ಪುಟ್ಟ ಕೆಂಪು ದೀಪ. ಸ್ಟೇಷನ್ ಹುಡುಕುವ ಮುಳ್ಳು ಮಾತ್ರ ಇಲ್ಲ. ಎಲೆಕ್ಟ್ರಿಕ್ ಗಿಟಾರಿಗೆಂದೇ ಮಾಡಿದ ಈ ಸಣ್ಣ ವಾಲ್ವ್ ಆಂಪ್ಲಿಫೈಯರ್ ಈಗ ಮೊಬೈಲಿನ ಪರದೆಯಲ್ಲಿ ಹುಡುಗರ ಕಣ್ಣು ಕುಕ್ಕುತ್ತಿದೆ.

ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿಯುವವರು, ಚರ್ಚಿನ ಹಾಡಿನ ತಂಡದವರು, ಗಣಪತಿ ಮೆರವಣಿಗೆಯಲ್ಲಿ ಬೆಂಜೊ ಬಾರಿಸುವವರು, ಹೀಗೆ ಸೊಲ್ಲಾಪುರ, ಅಕ್ಕಲಕೋಟಗಳಲ್ಲಿ ತಂತಿವಾದ್ಯಕ್ಕೆ ಕರೆಂಟು ಜೋಡಿಸುವವರು ಕಡಿಮೆಯಿಲ್ಲ. ಅವರಲ್ಲಿ ಬಹಳಷ್ಟು ಮಂದಿಗೆ ಇಂಥ ಪೆಟ್ಟಿಗೆಯ ಬೆಲೆ ಎಂದರೆ ಒಂದು ಸೀಜನ್ನಿನ ಗಳಿಕೆ. ಕೂತು ನುಡಿಸಿ, ಕೇಳಿ ಕೊಳ್ಳುವಂಥ ದೊಡ್ಡ ವಾದ್ಯದ ಅಂಗಡಿ ಬೇಕೆಂದರೆ ಪುಣೆ ಸುಮಾರು 250 ಕಿಲೋಮೀಟರ್, ಹೈದರಾಬಾದ್ ಅದಕ್ಕೂ ದೂರ. ಆದ್ದರಿಂದ ಫೋಟೊ ನೋಡಿ ದುಡ್ಡು ಕಟ್ಟುವವರೇ ಹೆಚ್ಚು. ಪೆಟ್ಟಿಗೆ ಮನೆಗೆ ಬಂದ ಮೇಲೆ ‘ಇದರಾಗ ಏನೈತ್ರಿ ಅಂಥಾದ್ದು?’ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಹಾಗಾದರೆ ಇದನ್ನು ತೂಗಿ ನೋಡುವುದು ಹೇಗೆ?

ರೇಡಿಯೊದ ಅರ್ಧ ಭಾಗ

ಈ ಪೆಟ್ಟಿಗೆ ನಮ್ಮ ಭಾಗದ ಹಿರಿಯರಿಗೆ ಅಪರಿಚಿತವಲ್ಲ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಮಾತಾಡುವ ಗಡಿಯ ಊರುಗಳಿಗೆ ಕನ್ನಡದ ಹಾಡು, ವಾರ್ತೆ ತಂದುಕೊಟ್ಟದ್ದು ರೇಡಿಯೊ. ಟ್ರಾನ್ಸಿಸ್ಟರ್ ಬರುವ ತನಕ ಆ ರೇಡಿಯೊಗಳ ಹೊಟ್ಟೆಯಲ್ಲಿ ಇದ್ದದ್ದು ಗಾಜಿನ ವಾಲ್ವುಗಳೇ.

ವಾಲ್ವ್ ರೇಡಿಯೊದಲ್ಲಿ ಎರಡು ಕೆಲಸ ನಡೆಯುತ್ತಿತ್ತು. ಗಾಳಿಯಲ್ಲಿ ಬಂದ ತರಂಗ ಹಿಡಿದು ಅದರೊಳಗಿನ ಮಾತು, ಹಾಡು ಬಿಡಿಸಿಕೊಳ್ಳುವುದು ಒಂದು. ಆ ಸೂಕ್ಷ್ಮ ಧ್ವನಿಯನ್ನು ಸ್ಪೀಕರ್ ನಡುಗಿಸುವಷ್ಟು ದೊಡ್ಡದು ಮಾಡುವುದು ಇನ್ನೊಂದು. ಆ ಎರಡನೆಯ ಅರ್ಧವನ್ನಷ್ಟೇ ತೆಗೆದು, ಗಿಟಾರಿನ ವೈರ್ ಚುಚ್ಚಲು ಒಂದು ತೂತು ಕೊಟ್ಟರೆ ಅದೇ ಸಣ್ಣ ವಾಲ್ವ್ ಗಿಟಾರ್ ಆಂಪ್ಲಿಫೈಯರ್. ಮೊದಲು ಒಂದು ಚಿಕ್ಕ ವಾಲ್ವ್ ಗಿಟಾರಿನ ಸಂಕೇತವನ್ನು ಹಿಗ್ಗಿಸುತ್ತದೆ. ಆಮೇಲೆ ಒಂದು ದೊಡ್ಡ ವಾಲ್ವ್ ಅದಕ್ಕೆ ಶಕ್ತಿ ತುಂಬುತ್ತದೆ. ಕೊನೆಗೆ ಒಂದು ಟ್ರಾನ್ಸ್‌ಫಾರ್ಮರ್ ಅದನ್ನು ಸ್ಪೀಕರಿಗೆ ಒಗ್ಗುವಂತೆ ಮಾಡಿ ಕಳಿಸುತ್ತದೆ. ಇದಿಷ್ಟೇ ಇದರ ಕಥೆ.

ಹಾಗಂತ ಅಟ್ಟದ ಮೇಲಿನ ಹಳೆಯ ರೇಡಿಯೊ ಇಳಿಸಿ, ಅದರ ಹಿಂದೆ ಗ್ರಾಮೊಫೋನಿಗೆಂದು ಕೊಟ್ಟ ತೂತಿಗೆ ಗಿಟಾರ್ ಜೋಡಿಸುವ ಸಾಹಸ ಯಾರೂ ಮಾಡಬಾರದು. ಎ.ಸಿ., ಡಿ.ಸಿ. ಎರಡರಲ್ಲೂ ನಡೆಯುವಂತೆ ಮಾಡಿದ ಹಳೆಯ ಸೆಟ್ಟುಗಳಲ್ಲಿ ಒಳಗಿನ ತಗಡಿನ ಚೌಕಟ್ಟು ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತಿತ್ತು. ಗಿಟಾರಿನ ತಂತಿ ಮುಟ್ಟಿದ ಕೈಗೆ ಆ ಕರೆಂಟೇ ಬಂದೀತು. ಜೀವಕ್ಕೇ ಅಪಾಯ.

ಬೆಂಗಳೂರಿನ ಗಾಜು

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುಡ್ಡಿ. ಒಳಗಿನ ಎಳೆ ಕಾದಾಗ ಅಲ್ಲಿಂದ ಎಲೆಕ್ಟ್ರಾನುಗಳು ಹೊರಬಿದ್ದು ಎದುರಿನ ತಗಡಿಗೆ ಹಾರುತ್ತವೆ. ನಡುವೆ ಇಟ್ಟ ಜಾಲರಿಗೆ ಗಿಟಾರಿನ ಸಂಕೇತ ಕೊಟ್ಟರೆ ಅದು ಕಾಲುವೆಯ ತೂಬಿನಂತೆ ಆ ಹರಿವನ್ನು ಬಿಗಿ ಮಾಡುತ್ತದೆ, ಸಡಿಲ ಬಿಡುತ್ತದೆ. ಸಣ್ಣ ಕೈ ದೊಡ್ಡ ನೀರನ್ನು ಆಡಿಸಿದಂತೆ. ಬ್ರಿಟನ್ನಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಮೊದಲ ವಾಲ್ವ್ ಮಾಡಿದರು. ಅದಕ್ಕೆ ಜಾಲರಿ ಸೇರಿಸಿದ್ದು ಅಮೆರಿಕದ ಲೀ ಡಿ ಫಾರೆಸ್ಟ್, 1906ರಲ್ಲಿ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಮುಂದಿನ ಎರಡು ಮೂರು ದಶಕಗಳಲ್ಲಿ ರೇಡಿಯೊಗಳಿಂದ ವಾಲ್ವ್ ಮರೆಯಾಯಿತು.

ಕನ್ನಡ ನಾಡಿಗೂ ಈ ಗಾಜಿಗೂ ಹತ್ತಿರದ ನಂಟಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿ.ಇ.ಎಲ್., 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಶುರು ಮಾಡಿತು. ಅಲ್ಲಿ ತಯಾರಾದ ವಾಲ್ವುಗಳಲ್ಲಿ ‘ಇಎಲ್84’ ಕೂಡ ಒಂದು. ರೇಡಿಯೊದಲ್ಲಿ ಸ್ಪೀಕರಿಗೆ ಶಕ್ತಿ ಕೊಡುತ್ತಿದ್ದ ಇದೇ ವಾಲ್ವು ಇಂದಿಗೂ ಜಗತ್ತಿನ ಎಷ್ಟೋ ಗಿಟಾರ್ ಆಂಪ್ಲಿಫೈಯರುಗಳ ಜೀವಾಳ. ಬಿ.ಇ.ಎಲ್. ಈ ಸಣ್ಣ ವಾಲ್ವು ಮಾಡುವುದನ್ನು ನಿಲ್ಲಿಸಿ ಬಹಳ ವರ್ಷಗಳಾದವು. ಆದರೆ ಡಬ್ಬಿ ಒಡೆಯದೆ ಉಳಿದ ಅದರ ವಾಲ್ವುಗಳನ್ನು ಹುಡುಕಿ ಕೊಳ್ಳುವ ಗಿಟಾರಿಗರು ವಿದೇಶಗಳಲ್ಲೂ ಇದ್ದಾರೆ.

ಇಷ್ಟು ಹಳೆಯ ವಸ್ತು ಯಾಕೆ ಬೇಕು ಅಂದರೆ, ಕಾರಣ ಧ್ವನಿ ಒಡೆಯುವ ರೀತಿ. ಯಾವುದೇ ಆಂಪ್ಲಿಫೈಯರಿಗೆ ತನ್ನ ಮಿತಿ ಮೀರಿ ಕೆಲಸ ಕೊಟ್ಟರೆ ಧ್ವನಿ ಒಡೆಯುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಸರ್ಕಿಟ್ಟು ಮಿತಿ ಮುಟ್ಟಿದ ಕೂಡಲೇ ಕತ್ತರಿ ಹಾಕಿದಂತೆ ಧ್ವನಿಯ ತಲೆ ಕತ್ತರಿಸುತ್ತದೆ, ಕರ್ಕಶವಾಗುತ್ತದೆ. ಸಣ್ಣ ವಾಲ್ವ್ ಸರ್ಕಿಟ್ಟು ನಿಧಾನಕ್ಕೆ ಬಾಗುತ್ತದೆ. ಮೆತ್ತಗೆ ಬಾರಿಸಿದರೆ ಸ್ವಚ್ಛ, ಜೋರಾಗಿ ಬಾರಿಸಿದರೆ ಗಂಟಲು ತುಂಬಿ ಹಾಡಿದಂತೆ ಸ್ವಲ್ಪ ಒರಟು. ಬೆರಳಿನ ಒತ್ತಡಕ್ಕೆ ತಕ್ಕಂತೆ ಧ್ವನಿಯ ಬಣ್ಣ ಬದಲಾಗುತ್ತದೆ. ಕಾಸು ಕೊಡುವುದು ಈ ಗುಣಕ್ಕೆ.

ಎರಡು ಮಾದರಿ

ಇಂಥ ಪೆಟ್ಟಿಗೆಗಳ ಸ್ವಭಾವ ತಿಳಿಯಲು ಹೆಸರು ಮಾಡಿದ ಎರಡನ್ನು ನೋಡಿದರೆ ಸಾಕು.

ಒಂದು, ಅಮೆರಿಕದ ಫೆಂಡರ್ ಕಂಪನಿಯ ‘ಚಾಂಪಿಯನ್ 600’. 1949ರ ಹೊತ್ತಿಗೆ ಬಂದ ತನ್ನದೇ ಹಳೆಯ ಮಾದರಿಯ ರೂಪವನ್ನು ಕಂಪನಿ 2007ರಲ್ಲಿ ಮತ್ತೆ ತಂದಿತು. ಕಂದು ಮತ್ತು ಕೆನೆ ಎರಡು ಬಣ್ಣದ ಹೊದಿಕೆ, 5 ವ್ಯಾಟ್ ಶಕ್ತಿ, 6 ಇಂಚಿನ ಸ್ಪೀಕರ್. ಒಳಗೆ ‘12ಎಎಕ್ಸ್7’ ಒಂದು, ‘6ವಿ6’ ಒಂದು, ಒಟ್ಟು ಎರಡೇ ವಾಲ್ವ್. ನಾಬ್ ಕೂಡ ಒಂದೇ, ಅದು ವಾಲ್ಯೂಮ್. ಗಿಟಾರ್ ಚುಚ್ಚಲು ಎರಡು ತೂತು: ಒಂದು ಜೋರಿಗೆ, ಇನ್ನೊಂದು ಮೆದುವಿಗೆ.

ಇನ್ನೊಂದು, ವೋಕ್ಸ್ ಕಂಪನಿಯ ‘ಎಸಿ4ಟಿವಿ’. ಬೀಟಲ್ಸ್ ತಂಡದ ಜೊತೆ ಹೆಸರಾದ ‘ಎಸಿ30’ ಇದೇ ಮನೆತನದ ದೊಡ್ಡಣ್ಣ. 2009ರ ಸುಮಾರಿಗೆ ಬಂದ ಈ ಸಣ್ಣದು ಹಳೆಯ ಟಿ.ವಿ. ಸೆಟ್ಟಿನ ಮುಖ ಹೊತ್ತಿದೆ. 10 ಇಂಚಿನ ಸ್ಪೀಕರ್, ಒಂದು ‘12ಎಎಕ್ಸ್7’, ಒಂದು ‘ಇಎಲ್84’. ವಾಲ್ಯೂಮ್ ಮತ್ತು ಟೋನ್ ಜೊತೆಗೆ ಶಕ್ತಿಯನ್ನು 4 ವ್ಯಾಟ್, 1 ವ್ಯಾಟ್, ಕಾಲು ವ್ಯಾಟ್ ಎಂದು ಇಳಿಸುವ ಸ್ವಿಚ್ ಇದೆ.

ಎರಡರ ತಯಾರಿಕೆಯೂ ಈಗ ನಿಂತಿದೆ. ಸಿಕ್ಕರೆ ಕೈಬದಲಾದದ್ದೇ. ಆದರೆ ಇದೇ ಅಳತೆಯ, ಇದೇ ವೇಷದ ಬೇರೆ ಬೇರೆ ಕಂಪನಿಗಳ ಪೆಟ್ಟಿಗೆ ಪೇಟೆಯಲ್ಲಿವೆ. ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ.

‘ಐದು ವ್ಯಾಟ್‌ನಾಗ ಏನಾಗ್ತೈತ್ರಿ?’

ಮೈಕ್ ಸೆಟ್ಟಿನ ನೂರು, ಇನ್ನೂರು ವ್ಯಾಟ್ ಕೇಳಿ ರೂಢಿಯಾದವರಿಗೆ 5 ವ್ಯಾಟ್ ಅಂದರೆ ನಗು ಬರುತ್ತದೆ. ಕಿವಿಯ ಲೆಕ್ಕ ಬೇರೆ. ಧ್ವನಿ ಎರಡು ಪಟ್ಟು ಜೋರೆನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಬೇಕು. ಅಂದರೆ 50 ವ್ಯಾಟಿನ ಪೆಟ್ಟಿಗೆ 5 ವ್ಯಾಟಿನದಕ್ಕಿಂತ ಕೇಳಲು ಎರಡು ಪಟ್ಟು ಮಾತ್ರ ದೊಡ್ಡದು.

ಇನ್ನೊಂದು ಗುಟ್ಟು ಸ್ಪೀಕರಿನಲ್ಲಿದೆ. ಒಳ್ಳೆಯ 12 ಇಂಚಿನ ಗಿಟಾರ್ ಸ್ಪೀಕರ್ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಸದ್ದು ಕೊಡುತ್ತದೆ. ಸಣ್ಣ ಸ್ಪೀಕರಿಗೆ ಅಷ್ಟು ಆಗುವುದಿಲ್ಲ. 6 ಡೆಸಿಬೆಲ್ ಹೆಚ್ಚು ಕೊಡುವ ಸ್ಪೀಕರ್ ಹಾಕುವುದೂ ಶಕ್ತಿಯನ್ನು ನಾಲ್ಕು ಪಟ್ಟು ಮಾಡುವುದೂ ಒಂದೇ. ಆದ್ದರಿಂದ ವ್ಯಾಟ್ ಕೇಳುವ ಮುಂಚೆ ಸ್ಪೀಕರ್ ಎಷ್ಟು ಇಂಚು, ಹೊರಗಿನ ಸ್ಪೀಕರ್ ಜೋಡಿಸಲು ಸಾಕೆಟ್ ಇದೆಯೇ ಎಂದು ಕೇಳಬೇಕು. ಜೋಡಿಸುವಾಗ ಓಮ್ ಲೆಕ್ಕ ಕಂಪನಿ ಹೇಳಿದಷ್ಟೇ ಇರಬೇಕು.

ಮನೆಯ ಕೋಣೆಯಲ್ಲಿ 5 ವ್ಯಾಟ್ ಸಾಕಾಗಿ ಮಿಗುತ್ತದೆ. 98 ಡೆಸಿಬೆಲ್ ಸ್ಪೀಕರಿಗೆ 5 ವ್ಯಾಟ್ ಪೂರ್ತಿ ಕೊಟ್ಟರೆ ಒಂದು ಮೀಟರಿನಲ್ಲಿ 105 ಡೆಸಿಬೆಲ್. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹೇಳುವ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಗೋಡೆಗೆ ಗೋಡೆ ಹೊಂದಿಕೊಂಡ ಸೊಲ್ಲಾಪುರದ ಪೇಠೆಗಳಲ್ಲಿ ಪಕ್ಕದ ಮನೆಯವರು ಬಾಗಿಲು ಬಡಿಯಲು ಕಾಲು ವ್ಯಾಟೂ ಸಾಕು! ವಾಲ್ವಿನ ಒರಟು ಸವಿ ಬರುವುದು ಅದನ್ನು ದಣಿಸಿದಾಗ. ದೊಡ್ಡ ಪೆಟ್ಟಿಗೆಯನ್ನು ಮನೆಯಲ್ಲಿ ದಣಿಸಲಾಗದು. ಸಣ್ಣದು ಬೇಕಾಗುವುದು ಇದಕ್ಕೇ. ಶಕ್ತಿ ಇಳಿಸುವ ಸ್ವಿಚ್ ಇದ್ದರೆ ಇನ್ನೂ ಉತ್ತಮ.

ಆದರೆ ಡ್ರಮ್ ಸೆಟ್ ಜೊತೆ, ಬಯಲಿನ ವೇದಿಕೆಯಲ್ಲಿ ಇದೊಂದೇ ನಿಲ್ಲುವುದಿಲ್ಲ. ಅಲ್ಲಿ ಸ್ಪೀಕರಿನ ಮುಂದೆ ಒಂದು ಮೈಕ್ ಇಟ್ಟು, ಅದನ್ನು ಮೈಕ್ ಸೆಟ್ಟಿಗೆ ಕೊಡುವುದೊಂದೇ ದಾರಿ. ಆಗ ಸವಿ ಸಣ್ಣ ಪೆಟ್ಟಿಗೆಯದು, ಬಲ ದೊಡ್ಡ ಸೆಟ್ಟಿನದು.

ಬಟ್ಟೆ ಗೊತ್ತಿದ್ದ ಊರು

ಚಾದರದ ಊರಿನವರಿಗೆ ಬಟ್ಟೆ ಗುರುತಿಸುವುದನ್ನು ಕಲಿಸಬೇಕಿಲ್ಲ. 1950ರ ದಶಕದ ಗಿಟಾರ್ ಪೆಟ್ಟಿಗೆಗಳಿಗೆ ಆಗಿನ ಪ್ರಯಾಣದ ಸೂಟ್‌ಕೇಸಿಗೆ ಅಂಟಿಸುತ್ತಿದ್ದಂಥ ದಪ್ಪ ಬಟ್ಟೆಯನ್ನೇ ಹೊದಿಸುತ್ತಿದ್ದರು. ಈಗಿನವುಗಳಲ್ಲಿ ಹೆಚ್ಚಿನವು ರೆಕ್ಸಿನ್ ಹೊದಿಕೆಯವು. ಮುಂದಿನ ಜಾಲರಿ ಬಟ್ಟೆಗೆ ಮಾತ್ರ ಅಂದದ ಜೊತೆ ಕೆಲಸವೂ ಇದೆ. ಸ್ಪೀಕರಿಗೆ ಪೆಟ್ಟಾಗದಂತೆ ಕಾಯಬೇಕು, ಧ್ವನಿಯನ್ನೂ ಬಿಡಬೇಕು. ನೇಯ್ಗೆ ತೀರ ಒತ್ತಾಗಿದ್ದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಬಟ್ಟೆಯ ಹತ್ತಿರ ಬಾಯಿಟ್ಟು ಊದಿದರೆ ಗಾಳಿ ಸಲೀಸಾಗಿ ಒಳಗೆ ಹೋಗಬೇಕು. ಬಟ್ಟೆ ಸಡಿಲಾಗಿದ್ದರೆ ಧ್ವನಿಗೆ ಪಟಪಟ ಸದ್ದು ಸೇರುತ್ತದೆ.

ಹಳೆಯ ವೇಷ ನೋಡಿ ಒಳಗೂ ಹಳೆಯದೇ ಇದೆ ಎಂದು ನಂಬಬಾರದು. ಬಟ್ಟೆ, ನಾಬ್, ಹಿಡಿಕೆ ಎಲ್ಲ ಹಳೆಯ ಕಾಲದ್ದು, ಒಳಗೆ ಪೂರ್ತಿ ಟ್ರಾನ್ಸಿಸ್ಟರ್ ಇರುವ ಪೆಟ್ಟಿಗೆಗಳೂ ಉಂಟು. ಒಂದೇ ವಾಲ್ವ್ ಹಾಕಿ, ಅದು ಹೊಳೆಯಲಿ ಅಂತ ಅಡಿಗೆ ಕಿತ್ತಳೆ ಬಣ್ಣದ ಎಲ್.ಇ.ಡಿ. ಇಡುವವರೂ ಇದ್ದಾರೆ. ಅವು ಕೆಟ್ಟವೆಂದಲ್ಲ. ಆದರೆ ವಾಲ್ವಿನ ಬೆಲೆ ಕೊಟ್ಟು ವಾಲ್ವಿನ ಚಿತ್ರ ತರಬಾರದು. ಪತ್ತೆ ಸುಲಭ. ಸ್ವಿಚ್ ಹಾಕಿದ ತಕ್ಷಣ ಧ್ವನಿ ಬಂದರೆ ಶಕ್ತಿ ಕೊಡುವ ಕೆಲಸ ಅಲ್ಲಿ ವಾಲ್ವಿನದಲ್ಲ. ನಿಜವಾದ ವಾಲ್ವ್ ಕಾಯಲು ಹದಿನೈದು, ಇಪ್ಪತ್ತು ಸೆಕೆಂಡ್ ಬೇಕೇ ಬೇಕು. ಹಳೆಯ ರೇಡಿಯೊ ಹಚ್ಚಿ ಕಾದವರಿಗೆ ಇದು ಗೊತ್ತು.

ಅಂಗಡಿಯಲ್ಲಿ ಹತ್ತು ನಿಮಿಷ

ಪೆಟ್ಟಿಗೆ ಹೊಸದಿರಲಿ, ಹಳೆಯದಿರಲಿ, ಹತ್ತು ನಿಮಿಷ ಕೊಟ್ಟು ನೋಡಬೇಕಾದ್ದು ಇಷ್ಟು:

ಗಿಟಾರ್ ತಮ್ಮದೇ ಒಯ್ಯಬೇಕು. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲ ಪೆಟ್ಟಿಗೆಯೂ ಚೆಂದವೇ ಕೇಳುತ್ತದೆ.

ಮೊದಲು ಏನೂ ಜೋಡಿಸದೆ ವಾಲ್ಯೂಮ್ ಪೂರ್ತಿ ಏರಿಸಿ ಕೇಳಬೇಕು. ಸ್ವಲ್ಪ ‘ಸುಯ್’ ಇದ್ದರೆ ಅಡ್ಡಿಯಿಲ್ಲ. ಜೋರಾದ ‘ಗುಂಯ್’ ಇದ್ದರೆ ಕಪಾಸಿಟರ್ ಸೊರಗಿರಬಹುದು, ಅರ್ಥಿಂಗ್ ಸರಿ ಇಲ್ಲದಿರಬಹುದು. ಬೇರೆ ಪ್ಲಗ್ಗಿಗೆ ಹಾಕಿ ನೋಡಿದರೆ ತಪ್ಪು ಯಾರದೆಂದು ತಿಳಿಯುತ್ತದೆ.

ಆಮೇಲೆ ಗಿಟಾರ್ ಜೋಡಿಸಿ ವಾಲ್ಯೂಮ್ ಕಾಲು ಭಾಗದಲ್ಲಿ, ಅರ್ಧದಲ್ಲಿ, ಪೂರ್ತಿಯಲ್ಲಿ ಅದೇ ತುಣುಕನ್ನು ನುಡಿಸಬೇಕು. ಒಂದೇ ಸ್ವರ ಹಿಡಿದು ಅದು ಕರಗುವ ತನಕ ಕಾಯಬೇಕು. ಧ್ವನಿ ಸಮನಾಗಿ ಇಳಿಯಬೇಕು. ನಡುವೆ ಚರಚರ ಅಂದರೆ, ಕೊನೆಗೆ ಕುಯ್ಯೆಂದು ಕೂಗಿದರೆ ವಾಲ್ವ್ ಅಥವಾ ಸ್ಪೀಕರಿನಲ್ಲಿ ದೋಷವಿದೆ.

ಪೆಟ್ಟಿಗೆಯ ವಾಲ್ಯೂಮ್ ಏರಿಸಿಟ್ಟು ಗಿಟಾರಿನ ವಾಲ್ಯೂಮ್ ಇಳಿಸಬೇಕು. ಆಗ ಒರಟು ಹೋಗಿ ಸ್ವಚ್ಛ ಧ್ವನಿ ಬರಬೇಕು. ಬೆರಳಿಗೆ ಪೆಟ್ಟಿಗೆ ಸ್ಪಂದಿಸುತ್ತದೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಪೆಟ್ಟಿಗೆಯ ತಲೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಸ್ಪೀಕರಿನಲ್ಲಿ ಗಂಟೆ ಹೊಡೆದಂತೆ ಕೇಳಿದರೆ ಮೊದಲ ವಾಲ್ವಿನ ಒಳಗಿನ ಭಾಗ ಸಡಿಲಾಗಿದೆ. ಅದನ್ನು ಬದಲಿಸಬೇಕಾಗುತ್ತದೆ.

ಇಷ್ಟಾದ ಮೇಲೆ ಅರ್ಧ ಗಂಟೆ ಹಚ್ಚಿಟ್ಟು ಮತ್ತೆ ನುಡಿಸಲು ಅಂಗಡಿಯವರು ಒಪ್ಪಿದರೆ ಬಿಡಬಾರದು. ಕಾದ ಮೇಲೆ ಬಯಲಾಗುವ ದೋಷಗಳೇ ಹೆಚ್ಚು.

ಭಜನೆಗೆ ಬರುತ್ತಾ? ಬೆಂಜೊಗೆ?

ಅಕ್ಕಲಕೋಟದ ಕಡೆ ಇಂಥ ಪೆಟ್ಟಿಗೆ ಕಂಡರೆ ಮೊದಲು ಬರುವ ಪ್ರಶ್ನೆ ‘ಇದಕ್ಕ ಮೈಕ್ ಹಚ್ಚಬಹುದೇನ್ರಿ?’ ಸ್ವಾಮಿ ಸಮರ್ಥರ ಊರಿನಲ್ಲಿ ಭಜನೆ ದಿನನಿತ್ಯದ್ದು, ಪ್ರಶ್ನೆ ಸಹಜ. ಉತ್ತರ: ಬೇಡ. ಗಿಟಾರ್ ಸ್ಪೀಕರ್ ಸುಮಾರು 5 ಸಾವಿರ ಹರ್ಟ್ಸ್ ದಾಟಿದ ಮೇಲೆ ಕೈ ಚೆಲ್ಲುತ್ತದೆ. ಗಿಟಾರಿಗೆ ಅದೇ ಚೆಂದ. ಆದರೆ ಮಾತಿನ ‘ಸ’, ‘ಶ’ ಸ್ಪಷ್ಟವಾಗುವುದು, ತಾಳದ ಕಿಣಿಕಿಣಿ ಕೇಳುವುದು ಅದರ ಮೇಲಿನ ಕಂಪನಗಳಲ್ಲಿ. ಹಾಡುವವರ ಧ್ವನಿ ಕಂಬಳಿ ಹೊದ್ದಂತೆ ಕೇಳುತ್ತದೆ. ಭಜನಾ ಮಂಡಳಿಗೆ ಅದೇ ದುಡ್ಡಿನಲ್ಲಿ ಸಾದಾ ಮೈಕ್ ಸೆಟ್ಟೇ ಮೇಲು.

ಕೀಬೋರ್ಡಿಗೂ ಇದು ಹೊಂದದು. ಅದರ ಕೆಳಗಿನ ಸ್ವರಗಳಿಗೆ 6 ಇಂಚಿನ ಸ್ಪೀಕರ್ ಹರಿದೀತು.

ಬೆಂಜೊ ಮಾತು ಬೇರೆ. ಮರಾಠಿಯಲ್ಲೂ ಕನ್ನಡದಲ್ಲೂ ಬೆಂಜೊ ಎಂದು ಕರೆಸಿಕೊಳ್ಳುವ, ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗದ ಮೂಲ ಜಪಾನಿನದು. ನಾಗೋಯಾದಲ್ಲಿ 1912ರಲ್ಲಿ ಹುಟ್ಟಿದ ವಾದ್ಯ ಹಡಗು ಹತ್ತಿ ನಮ್ಮ ಕಡೆ ಬಂತು. ಗಿಟಾರಿನಂತೆ ಆಯಸ್ಕಾಂತದ ಪಿಕಪ್ ಕೂಡಿಸಿದ ಬೆಂಜೊ ಈ ಪೆಟ್ಟಿಗೆಯಲ್ಲಿ ಸೊಗಸಾಗಿ ನುಡಿಯುತ್ತದೆ. ಮನೆಯ ತಾಲೀಮಿಗೆ, ಧ್ವನಿ ಮುದ್ರಣಕ್ಕೆ ಒಳ್ಳೆಯದು. ಆದರೆ ಗಣಪತಿ ಮೆರವಣಿಗೆಯ ಗಾಡಿಯ ಮೇಲೆ ಇದರ ಆಟ ನಡೆಯದು. ಡೋಲು, ತಾಶೆಯ ನಡುವೆ 5 ವ್ಯಾಟ್ ಎಲ್ಲಿಯೂ ಕೇಳಿಸುವುದಿಲ್ಲ, ಗಾಡಿಯ ಕುಲುಕಾಟಕ್ಕೆ ವಾಲ್ವ್ ಉಳಿಯುವುದೂ ಇಲ್ಲ.

ಕರೆಂಟಿನ ಲೆಕ್ಕ

ಪೆಟ್ಟಿಗೆ ಒಳ್ಳೆಯದಿದ್ದರೂ ಮನೆಯ ಕರೆಂಟು ಸರಿ ಇಲ್ಲದಿದ್ದರೆ ಹಣ ಹೋಯಿತೆಂದೇ ತಿಳಿಯಬೇಕು.

ಮೊದಲನೆಯದು ವೋಲ್ಟೇಜ್. ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಪೆಟ್ಟಿಗೆಯಾದರೆ ಹಿಂದಿನ ಚೀಟಿ ಓದದೆ ಪ್ಲಗ್ ಹಾಕಲೇಬಾರದು. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಪ್ಲಗ್ ಹಾಕಿದ ಕ್ಷಣಕ್ಕೆ ಫ್ಯೂಸ್ ಹೋದರೆ ಪುಣ್ಯ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅರ್ಧ ಬೆಲೆ ಹೋದಂತೆ. ಇಂಥ ಪೆಟ್ಟಿಗೆಗೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು.

ಎರಡನೆಯದು ಅರ್ಥಿಂಗ್. ಹಳೆಯ ವಾಡೆ, ಚಾಳುಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲದ್ದು ಅಪರೂಪವಲ್ಲ. ವಾಲ್ವ್ ಪೆಟ್ಟಿಗೆಯ ಒಳಗೆ 300 ವೋಲ್ಟ್ ಆಸುಪಾಸಿನ ಡಿ.ಸಿ. ಓಡಾಡುತ್ತಿರುತ್ತದೆ. ನುಡಿಸುವವನ ಕೈ ಸದಾ ತಂತಿಯ ಮೇಲೆ. ನಡುವೆ ಕಾಯುವುದು ಈ ಅರ್ಥಿಂಗ್ ಒಂದೇ. ‘ಗುಂಯ್ ಅಂತೈತಿ’ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕುವವರು ತಮ್ಮ ಜೀವಕ್ಕೆ ತಾವೇ ಕುತ್ತು ತಂದುಕೊಳ್ಳುತ್ತಾರೆ. ಪೆಟ್ಟಿಗೆ ತರುವ ಮುಂಚೆ ವೈರಿಂಗ್ ಮಾಡುವವರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಬೇಕು. ಆ ಖರ್ಚೂ ಪೆಟ್ಟಿಗೆಯ ಬೆಲೆಯೊಳಗೇ ಸೇರಿದ್ದು.

ಮೂರನೆಯದು ಇನ್ವರ್ಟರ್. ಕರೆಂಟು ಹೋದಾಗ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ನುಡಿಸಿದರೆ ಧ್ವನಿಗೆ ಗುಂಯ್‌ಗುಡುವ ಸದ್ದು ಸೇರುತ್ತದೆ, ಟ್ರಾನ್ಸ್‌ಫಾರ್ಮರ್ ಕಾಯುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆ ಇಲ್ಲ. ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸಿ, ಬಂದು ಎರಡು ನಿಮಿಷ ನಿಂತ ಮೇಲೆ ಹಚ್ಚುವುದು ಜಾಣತನ.

ಇನ್ನು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಪೆಟ್ಟಿಗೆಯ ಬೆನ್ನನ್ನು ಗೋಡೆಗೆ ಒತ್ತಿ ಇಡಬಾರದು, ಮೇಲೆ ಬಟ್ಟೆ ಹೊದಿಸಬಾರದು. ಒಂದು ಗೇಣು ಜಾಗ ಬೇಕು. ನುಡಿಸಿದ ಕೂಡಲೇ ಎತ್ತಿಕೊಂಡು ಎಸ್.ಟಿ. ಬಸ್ ಹತ್ತಬಾರದು. ಬಿಸಿ ಇದ್ದಾಗ ವಾಲ್ವಿನ ಒಳ ಎಳೆಗಳು ಸೂಕ್ಷ್ಮ. ಹತ್ತು ನಿಮಿಷ ಆರಬೇಕು. ಸೊಲ್ಲಾಪುರದಿಂದ ಅಕ್ಕಲಕೋಟ 40 ಕಿಲೋಮೀಟರ್ ಹತ್ತಿರವೇ. ತೊಡೆಯ ಮೇಲಿಟ್ಟುಕೊಂಡು ಹೋದರೆ ಪೆಟ್ಟಿಗೆ ಬದುಕುತ್ತದೆ, ಡಿಕ್ಕಿಯಲ್ಲಿ ಹಾಕಿದರೆ ಹೇಳಲಾಗದು.

ರಿಪೇರಿ ಯಾರು ಮಾಡ್ತಾರ?

ಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ, ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದು.

ವಾಲ್ವ್ ಬಲ್ಬಿನಂತೆ ಸವೆಯುವ ವಸ್ತು. ದಿನಾ ನುಡಿಸುವವರಿಗೆ ದೊಡ್ಡ ವಾಲ್ವ್ ಒಂದೆರಡು ವರ್ಷ, ಸಣ್ಣದು ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಒಂದೇ ದೊಡ್ಡ ವಾಲ್ವಿನ ಸಣ್ಣ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಹಳೆಯದು ಕಿತ್ತು ಹೊಸದು ಕೂಡಿಸಿದರೆ ಮುಗಿಯಿತು, ಬೇರೆ ಹೊಂದಿಸುವ ಕೆಲಸ ಇರುವುದಿಲ್ಲ. ಆದರೆ ಹೆಸರು ಸರಿಯಾಗಿ ಹೇಳಬೇಕು. ಅಮೆರಿಕದವರ ‘12ಎಎಕ್ಸ್7’ಗೆ ಯುರೋಪಿನ ಹೆಸರು ‘ಇಸಿಸಿ83’. ‘ಇಎಲ್84’ ಮತ್ತು ‘6ಬಿಕ್ಯೂ5’ ಒಂದೇ. ‘6ವಿ6’ ಜಾಗದಲ್ಲಿ ‘ಇಎಲ್84’ ಮಾತ್ರ ಕೂಡುವುದೇ ಇಲ್ಲ, ಒಂದಕ್ಕೆ 8 ಕಾಲಿನ ಬುಡ, ಇನ್ನೊಂದಕ್ಕೆ 9.

ಇಂದು ಈ ವಾಲ್ವುಗಳು ಬರುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ. 2022ರ ಮಾರ್ಚಿನಲ್ಲಿ ಉಕ್ರೇನ್ ಯುದ್ಧದ ಬೆನ್ನಿಗೆ ರಷ್ಯಾದಿಂದ ರಫ್ತು ನಿಂತಾಗ ಜಗತ್ತಿನ ತುಂಬ ವಾಲ್ವಿನ ಅಭಾವವಾಗಿ ಬೆಲೆ ಏರಿತ್ತು. ಎಲ್ಲಿಯೋ ಯುದ್ಧ, ಇಲ್ಲಿ ಗಿಟಾರ್ ಮೌನ! ಪೆಟ್ಟಿಗೆಯ ಜೊತೆಗೇ ಒಂದು ಜೊತೆ ವಾಲ್ವ್ ಹೆಚ್ಚಿಗೆ ತೆಗೆದಿಡುವುದು ಇದಕ್ಕೇ ಒಳ್ಳೆಯದು.

ವಾಲ್ವ್ ಬಿಟ್ಟರೆ ಕೆಡುವುದು ಕಪಾಸಿಟರ್, ಸಾಕೆಟ್ಟಿನ ಬೆಸುಗೆ, ವಾಲ್ಯೂಮ್ ಕಂಟ್ರೋಲ್. ಹಳೆಯ ವಾಲ್ವ್ ರೇಡಿಯೊ ಕೈಯಾಡಿಸಿದ ಮೆಕ್ಯಾನಿಕ್ಕಿಗೆ ಇದು ಅರ್ಧ ದಿನದ ಕೆಲಸ, ಏಕೆಂದರೆ ಸರ್ಕಿಟ್ಟು ಅವರಿಗೆ ಪರಿಚಿತ. ಅಂಥ ಹಿರಿಯರು ಇನ್ನೂ ಗಲ್ಲಿಗಳ ಸಣ್ಣ ಅಂಗಡಿಗಳಲ್ಲಿ ಸಿಗುತ್ತಾರೆ, ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮೊಬೈಲ್ ಬಿಚ್ಚುವ ಹುಡುಗರಿಗೆ 300 ವೋಲ್ಟಿನ ಅಭ್ಯಾಸವಿಲ್ಲ. ಪ್ಲಗ್ ಕಿತ್ತ ಮೇಲೂ ಕಪಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ. ಅದನ್ನು ಇಳಿಸದೆ ಕೈ ಹಾಕಿದರೆ ಏಟು ಖಂಡಿತ. ಮನೆಯಲ್ಲಿ ಯಾರೂ ಬಿಚ್ಚಬಾರದು. ಸ್ಪೀಕರ್ ವೈರ್ ಕಿತ್ತಿಟ್ಟು ಪೆಟ್ಟಿಗೆ ಹಚ್ಚಲೂ ಬಾರದು, ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಇಲ್ಲಿ ಎರಡೂ ಕಡೆಗೆ ಲಾಭದ ಒಂದು ಮಾತಿದೆ. ಹುಡುಗರ ಕೈಗೆ ಬಂದಿರುವ ಹೊಸ ಪೆಟ್ಟಿಗೆಯ ವಿದ್ಯೆ ಊರಿನ ಹಳೆಯ ಕೈಗಳಲ್ಲಿದೆ. ಕೊಳ್ಳುವ ಮುಂಚೆ ಅಂಥ ಒಬ್ಬರನ್ನು ಹುಡುಕಿ ‘ಕಾಕಾ, ಇದು ಕೆಟ್ಟರ ನೀವು ಮಾಡ್ತೀರೇನ್ರಿ?’ ಅಂತ ಕೇಳಿ ಬರಬೇಕು. ಹೌದೆಂದರೆ ಕೊಳ್ಳಬಹುದು. ಬಿಡುವಿದ್ದವರು ಅವರ ಪಕ್ಕ ಕೂತು ಕಲಿತರೆ ಇನ್ನೂ ಒಳ್ಳೆಯದು, ವಿದ್ಯೆ ಊರಲ್ಲೇ ಉಳಿಯುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಗಿಟಾರ್ ಈಗಷ್ಟೇ ಹಿಡಿದವರಿಗೆ ಇದು ಬೇಡ. ಇದೇ ಬೆಲೆಯೊಳಗೆ ಟ್ರಾನ್ಸಿಸ್ಟರಿನ ಪೆಟ್ಟಿಗೆ ಕೊಂಡು, ಉಳಿದದ್ದರಲ್ಲಿ ಒಳ್ಳೆಯ ಗಿಟಾರ್, ಕಲಿಸುವವರ ಫೀ ಎರಡೂ ನೋಡಿಕೊಳ್ಳಬಹುದು. ಹತ್ತಾರು ಬಗೆಯ ಧ್ವನಿ, ಪ್ರತಿಧ್ವನಿ ಬೇಕೆನ್ನುವ ಆರ್ಕೆಸ್ಟ್ರಾದವರಿಗೂ ಒಂದು ನಾಬಿನ ಈ ಪೆಟ್ಟಿಗೆ ಸಾಲದು. ಊರೂರು ತಿರುಗುವವರಿಗೆ ಇದರ ನಾಜೂಕು ಹೊರೆಯಾದೀತು.

ಕೈ ಪಳಗಿದವರು, ಮನೆಯಲ್ಲಿ ದಿನಾ ಕೂರುವವರು, ಹಾಡು ಮುದ್ರಿಸಿಕೊಳ್ಳುವವರು ಕೊಂಡರೆ ನಷ್ಟವಿಲ್ಲ. ಇದು ತಪ್ಪನ್ನು ಮುಚ್ಚುವ ಪೆಟ್ಟಿಗೆಯಲ್ಲ. ಬೆರಳು ಹೇಗೆ ಬಿತ್ತೋ ಹಾಗೇ ಹೇಳುತ್ತದೆ. ಕಲಿಯುವ ಮನಸ್ಸಿದ್ದವರಿಗೆ ಇಂಥ ಮೇಷ್ಟ್ರು ಸಿಗುವುದು ಕಡಿಮೆ.

ದುಡ್ಡು ಕಟ್ಟುವ ಮೊದಲು ನಾಲ್ಕು ಮಾತು ಖಾತ್ರಿ ಮಾಡಿಕೊಂಡರೆ ಸಾಕು: ಒಳಗೆ ನಿಜವಾದ ವಾಲ್ವ್ ಇದೆ, ಚೀಟಿಯಲ್ಲಿ 230 ವೋಲ್ಟ್ ಎಂದಿದೆ, ಮನೆಯಲ್ಲಿ ಅರ್ಥಿಂಗ್ ಸರಿ ಇದೆ, ಊರಲ್ಲಿ ರಿಪೇರಿ ಮಾಡುವವರು ಇದ್ದಾರೆ.